ಮರಿ ಇಲಿಯ ಮೊದಲ ಗುಟುಕು

ಡಿಸೆಂಬರ್ ತಿಂಗಳ ಒಂದು ರಾತ್ರಿ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನೆಂಟರೊಬ್ಬರ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿಗಳ ಮುಂದೆ ಹತ್ತು ಹನ್ನೆರಡು ಮಂದಿ, ಪಕ್ಕದ ಒಲೆಯ ಮೇಲೆ ಹಂಡೆಯಲ್ಲಿ ಬೇಯುವ ಅಡಿಕೆ, ಚೊಗರಿನ ವಾಸನೆ, ಹೊಗೆ. ಹತ್ತು ಗಂಟೆಯ ಹೊತ್ತಿಗೆ ಯಾರೋ ಚೀಲದಿಂದ ಬಾಟಲಿ ತೆಗೆದರು. ನೀರು ತರಲು ಮನೆಯ ಹದಿನಾಲ್ಕು ವರ್ಷದ ಹುಡುಗನನ್ನು ಕೂಗಿದರು. ಅವನು ತಂಬಿಗೆ ತಂದಿಟ್ಟ, ಆದರೆ ಹೋಗಲಿಲ್ಲ. ಅವರಲ್ಲೊಬ್ಬರು ಬಾಟಲಿಯ ಮುಚ್ಚಳಕ್ಕೆ ಒಂದಿಷ್ಟು ಬಗ್ಗಿಸಿ, "ತಗೋ ತಮ್ಮಾ, ಚಳಿ ಬಿಡುತ್ತದೆ" ಎಂದು ಕೊಟ್ಟರು. ಹುಡುಗ ಕುಡಿದು ಮುಖ ಕಿವುಚಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಯಾರಿಗೂ ಅದು ತಪ್ಪೆಂದು ಅನಿಸಲಿಲ್ಲ. ಅಲ್ಲೇ ಕುಳಿತಿದ್ದ ನಾನೂ ಬಾಯಿ ಬಿಡಲಿಲ್ಲ.

ಮುಚ್ಚಳದಲ್ಲಿದ್ದದ್ದು ಒಂದು ಚಮಚದಷ್ಟು. ಅದರಿಂದ ಅಮಲೇರುವುದಿಲ್ಲ. ಆದರೆ ಆ ಒಂದು ಚಮಚದ ಜೊತೆಗೆ ಹುಡುಗನಿಗೆ ಇನ್ನೂ ಏನೇನು ಸಿಕ್ಕಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಲೆಯ ಬಿಸಿ, ದೊಡ್ಡವರ ನಗು, ತನ್ನನ್ನೂ ಗುಂಪಿಗೆ ಸೇರಿಸಿಕೊಂಡರೆಂಬ ಹಿಗ್ಗು. ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನಾನು ಬಂದು ನಿಂತದ್ದು ಇಲಿಗಳ ಮುಂದೆ.

ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಈ ಮಿತಿಯನ್ನು 18ಕ್ಕೆ ಇಳಿಸುವ ಕರಡು ಹೊರಬಿತ್ತು. ಆಕ್ಷೇಪಗಳು ಬಂದವು, ಅದೇ ತಿಂಗಳು ಸರ್ಕಾರ ಪ್ರಸ್ತಾವವನ್ನು ಕೈಬಿಟ್ಟಿತು. ಆ ಕೆಲವು ದಿನ ನಡೆದ ಚರ್ಚೆಯೆಲ್ಲ ಅಂಗಡಿಯ ಕಟ್ಟೆಯ ಬಗ್ಗೆ: ಯಾವ ವಯಸ್ಸಿನವನು ಅಲ್ಲಿ ನಿಂತು ಹಣ ಕೊಡಬಹುದು, ಮತ ಹಾಕುವವನು ಯಾಕೆ ಕುಡಿಯಬಾರದು, ಖಜಾನೆಗೆ ಎಷ್ಟು ಬರುತ್ತದೆ. ಪ್ರಯೋಗಾಲಯದ ಇಲಿಗಳನ್ನು ನಾಲ್ಕು ದಶಕಗಳಿಂದ ಗಮನಿಸುತ್ತಿರುವವರ ಬರಹಗಳನ್ನು ಓದಿದರೆ ಕುಡಿತದ ಕಲಿಕೆ ಅಂಗಡಿಯ ಕಟ್ಟೆಗಿಂತ ಬಹಳ ಹಿಂದೆ, ತಾಯಿಯ ಹೊಟ್ಟೆಯಲ್ಲಿ, ಮೊಲೆಹಾಲಿನಲ್ಲಿ, ಜೊತೆಗಾರರ ಉಸಿರಿನಲ್ಲಿ ಶುರುವಾಗುತ್ತದೆ ಎಂಬುದು ಕಾಣುತ್ತದೆ.

ಮಲೆನಾಡಿನ ಮನೆಯಲ್ಲಿ ಬೆಳೆದವರಿಗೆ ಇಲಿಮರಿ ಹೊಸದಲ್ಲ. ಅಟ್ಟದ ಮೇಲಿನ ಹಳೆಯ ಗೋಣಿಚೀಲ ಎಳೆದರೆ ಸಾಕು, ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ, ಕೂದಲಿಲ್ಲದ, ಕೆಂಪು ಕೆಂಪಾದ ಆರೇಳು ಮರಿಗಳು ಒಂದರ ಮೇಲೊಂದು ಮಿಸುಕುತ್ತಿರುತ್ತವೆ. ಹತ್ತಿರದಿಂದ ನೋಡಿದರೆ ಹೊಟ್ಟೆಯ ತೆಳು ಚರ್ಮದ ಒಳಗೆ ಕುಡಿದ ಹಾಲು ಬಿಳಿ ಪಟ್ಟಿಯಂತೆ ಕಾಣುತ್ತದೆ. ನಮ್ಮ ಅಟ್ಟದ ಇಲಿ ಕರಿ ಇಲಿಯ ಜಾತಿ, ಪ್ರಯೋಗಾಲಯದ್ದು ಅದರ ದಾಯಾದಿಯಾದ ಕಂದು ಇಲಿಯಿಂದ ಬಂದದ್ದು. ಬಾಲ್ಯ ಮಾತ್ರ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಕಂದು ಇಲಿಯ ಲೆಕ್ಕ ಹೀಗಿದೆ: ಸುಮಾರು 22 ದಿನ ಗರ್ಭ, ಹುಟ್ಟಿ ಎರಡು ವಾರಕ್ಕೆ ಕಣ್ಣು ಬಿಡುತ್ತದೆ, ಮೂರು ವಾರಕ್ಕೆ ಹಾಲು ಬಿಡುತ್ತದೆ. 28ರಿಂದ 42ನೇ ದಿನದವರೆಗಿನ ಹೊತ್ತನ್ನು ಹದಿಹರೆಯ ಎನ್ನುತ್ತಾರೆ, ಎರಡು ತಿಂಗಳು ಕಳೆದರೆ ದೊಡ್ಡ ಇಲಿ. ಮನುಷ್ಯನಲ್ಲಿ ಇಪ್ಪತ್ತು ವರ್ಷ ಕಾದು ನೋಡಬೇಕಾದದ್ದನ್ನು ಇಲಿಯಲ್ಲಿ ಒಂದು ಮಳೆಗಾಲ ಮುಗಿಯುವುದರೊಳಗೆ ನೋಡಬಹುದು. ಯಾವ ಮರಿಗೆ ಯಾವ ದಿನ ಏನು ಸಿಕ್ಕಿತು ಎಂಬುದನ್ನು ಪ್ರಯೋಗ ಮಾಡುವವರೇ ನಿರ್ಧರಿಸಬಹುದು. ಮನುಷ್ಯರ ಮಕ್ಕಳ ಮೇಲೆ ಇಂಥ ಪ್ರಯೋಗ ಊಹಿಸಲೂ ಆಗದ್ದು. ಇಲಿಯ ಮೇಲೆ ಮಾಡುವುದೂ ಹಗುರವಾದ ಮಾತಲ್ಲ. ಎರಡು ವಾರದ ಮರಿಯ ಬಾಯಿಗೆ ಕೂದಲೆಳೆಯಂಥ ನಳಿಕೆ ಜೋಡಿಸಿ ಹನಿ ಹನಿಯಾಗಿ ಮದ್ಯಸಾರ ಬಿಡುತ್ತಾರೆ. ಆ ಸಂಕಟದಿಂದ ಸಿಕ್ಕ ತಿಳಿವಳಿಕೆಯನ್ನು ನಾವು ಬಳಸದೆ ಬಿಟ್ಟರೆ ಅದು ಎರಡು ಪಟ್ಟು ಅನ್ಯಾಯ.

ದೊಡ್ಡ ಇಲಿಗೆ ಹೆಂಡ ರುಚಿಸುವುದಿಲ್ಲ. ಪಂಜರದಲ್ಲಿ ಒಂದು ಬಾಟಲಿ ನೀರು, ಒಂದು ಬಾಟಲಿ ಮದ್ಯಸಾರ ಬೆರೆಸಿದ ನೀರು ಇಟ್ಟರೆ, ಮದ್ಯಸಾರ ತೀರಾ ತೆಳುವಾಗಿದ್ದರೆ ಮಾತ್ರ ಸಾಮಾನ್ಯ ಇಲಿ ಅತ್ತ ಹೋಗುತ್ತದೆ. ಪ್ರಮಾಣ ಹೆಚ್ಚಿದಂತೆ ಹಿಂಜರಿಯುತ್ತದೆ. ಅದರ ನಾಲಿಗೆಗೆ ಮದ್ಯಸಾರ ಸಿಹಿ ಕಹಿ ಎರಡೂ ಕೂಡಿದ ರುಚಿ, ಮೇಲೆ ಗಂಟಲು ಸುಡುವ ಖಾರ. ಹಾಗಾಗಿ ದೊಡ್ಡ ಇಲಿಗೆ ಕುಡಿತ ಕಲಿಸಬೇಕಾದರೆ ಮೊದಲು ಸಕ್ಕರೆ ನೀರಿನಲ್ಲಿ ಬೆರೆಸಿ ಕೊಡುತ್ತಾರೆ, ದಿನ ಕಳೆದಂತೆ ಸಕ್ಕರೆ ಇಳಿಸುತ್ತಾ ಮದ್ಯಸಾರ ಏರಿಸುತ್ತಾರೆ. ತಂಪು ಪಾನೀಯದ ಬಾಟಲಿಗೆ ಬೆರೆಸಿಕೊಂಡು ಕುಡಿತ ಶುರುಮಾಡುವ ಕಾಲೇಜು ಹುಡುಗರಿಗೆ ಈ ಉಪಾಯವನ್ನು ಯಾರೂ ಹೇಳಿಕೊಡಬೇಕಿಲ್ಲ.

ಎರಡು ವಾರದೊಳಗಿನ ಇಲಿಯ ಹಸುಗೂಸಿಗೆ ಈ ಉಪಾಯವೇ ಬೇಡ ಎಂಬುದು ಬೆರಗಿನ ಸಂಗತಿ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಸ್ಪಿಯರ್ ಮತ್ತು ಸಂಗಡಿಗರು, ಅರ್ಜೆಂಟೀನಾದ ಕೊರ್ಡೊಬಾದಲ್ಲಿ ಹ್ವಾನ್ ಕಾರ್ಲೋಸ್ ಮೊಲಿನಾ ಮತ್ತವರ ತಂಡ ವರ್ಷಗಟ್ಟಲೆ ಇದನ್ನು ಪರೀಕ್ಷಿಸಿದರು. ದೊಡ್ಡ ಇಲಿ ಮೂತಿ ತಿರುಗಿಸುವಷ್ಟು ಗಾಢವಾದ ಮದ್ಯಸಾರವನ್ನೂ ಕಣ್ಣು ಬಿಡದ ಮರಿ ಮೊದಲ ಸಲವೇ ಚಪ್ಪರಿಸಿ ನುಂಗುತ್ತದೆ. ಹಾಲು ಬಿಡುವ ಹೊತ್ತಿಗೆ, ಮೂರು ನಾಲ್ಕನೇ ವಾರದಲ್ಲಿ, ಈ ಒಲವು ತಗ್ಗುತ್ತದೆ. ಹದಿಹರೆಯದಲ್ಲಿ ಮತ್ತೆ ಏರುತ್ತದೆ. ಮೈತೂಕಕ್ಕೆ ಹೋಲಿಸಿದರೆ ಹದಿಹರೆಯದ ಇಲಿ ದೊಡ್ಡದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಕುಡಿಯುವುದನ್ನು ಬಿಂಗ್‌ಹ್ಯಾಮ್ಟನ್‌ನ ಲಿಂಡಾ ಸ್ಪಿಯರ್ ಅವರ ಪ್ರಯೋಗಾಲಯ ತೋರಿಸಿದೆ. ಆಮೇಲೆ ಮತ್ತೆ ಇಳಿತ. ಅಂದರೆ ವಯಸ್ಸಿನೊಂದಿಗೆ ಕುಡಿತ ನೇರ ಗೆರೆಯಲ್ಲಿ ಏರುವುದಿಲ್ಲ. ಬಾಗಿಲು ಎರಡು ಸಲ ತೆರೆಯುತ್ತದೆ, ಒಮ್ಮೆ ಹಾಲು ಕುಡಿಯುವಾಗ, ಇನ್ನೊಮ್ಮೆ ಮೈ ನೆರೆಯುವಾಗ.

ಹಸುಗೂಸಿಗೆ ಏಕೆ ಹೀಗೆ? ಕಹಿಯನ್ನೂ ಉರಿಯನ್ನೂ ಗುರುತಿಸುವ ಶಕ್ತಿ ಆಗ ಪೂರ್ತಿ ಬಲಿತಿರುವುದಿಲ್ಲ. ಮದ್ಯಸಾರದಲ್ಲಿ ಕ್ಯಾಲೊರಿ ಇದೆ. ದೊಡ್ಡ ಇಲಿಯನ್ನು ಮಂಕಾಗಿಸುವ ಪ್ರಮಾಣ ಮರಿಯನ್ನು ಚುರುಕಾಗಿಸುತ್ತದೆ, ಅದು ಹೆಚ್ಚು ಓಡಾಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ವಯಸ್ಸಿನ ಮರಿ ತಾಯಿಯ ಮೈಯಿಂದ ಬರುವುದನ್ನೆಲ್ಲ ಒಳ್ಳೆಯದೆಂದು ನಂಬಲೆಂದೇ ಹುಟ್ಟಿದೆ. ಕಣ್ಣಿಲ್ಲ, ಕಿವಿ ಇನ್ನೂ ತೆರೆದಿಲ್ಲ. ಜಗತ್ತೆಂದರೆ ವಾಸನೆ ಮತ್ತು ಬಿಸುಪು ಮಾತ್ರ.

ಈ ನಂಬಿಕೆ ಹುಟ್ಟುವ ಮೊದಲೇ ಬೇರು ಬಿಡುತ್ತದೆ. ಗರ್ಭದ ಕೊನೆಯ ನಾಲ್ಕೈದು ದಿನಗಳಲ್ಲಿ, ಸುಮಾರು 17ರಿಂದ 20ನೇ ದಿನದವರೆಗೆ, ತಾಯಿ ಇಲಿಗೆ ಮದ್ಯಸಾರ ಕೊಟ್ಟರೆ ಅದರ ವಾಸನೆ ಮತ್ತು ರುಚಿ ಗರ್ಭದ ನೀರಿಗೆ ಇಳಿಯುತ್ತದೆ. ಆ ಮರಿಗಳು ಹುಟ್ಟಿ ಎರಡು ವಾರವಾದಾಗ, ಮದ್ಯಸಾರವನ್ನು ಉಳಿದ ಮರಿಗಳಿಗಿಂತ ಹೆಚ್ಚು ಒಲವಿನಿಂದ ಸ್ವೀಕರಿಸುತ್ತವೆ. ಸ್ಪೇನಿನಲ್ಲಿ ಗೇಬ್ರಿಯೆಲಾ ಚೋತ್ರೊ ಮತ್ತು ಕಾರ್ಲೋಸ್ ಆರಿಯಾಸ್ ಇಲ್ಲೊಂದು ಜಾಣ ಪರೀಕ್ಷೆ ಮಾಡಿದರು. ತಾಯಿಗೆ ಮದ್ಯಸಾರದ ಜೊತೆ ನಾಲ್ಟ್ರೆಕ್ಸೋನ್ ಎಂಬ ಔಷಧವನ್ನೂ ಕೊಟ್ಟರು. ಮಿದುಳಿನಲ್ಲಿ ಹಿತದ ಅನುಭವ ಹುಟ್ಟಿಸುವ ಅಫೀಮಿನಂಥ ದೇಹಜನ್ಯ ರಾಸಾಯನಿಕಗಳಿಗೆ ಅದು ಅಡ್ಡ ನಿಲ್ಲುತ್ತದೆ. ಆಗ ಮರಿಗಳಲ್ಲಿ ಆ ಒಲವು ಬೆಳೆಯಲಿಲ್ಲ. ಹೊಟ್ಟೆಯೊಳಗಿನ ಮರಿಗೆ ಬರಿಯ ಪರಿಚಯವಷ್ಟೇ ಆಗಿದ್ದರೆ ಔಷಧ ಅದನ್ನು ತಡೆಯಬೇಕಾಗಿರಲಿಲ್ಲ. ವಾಸನೆಯ ಜೊತೆಗೆ ಹಿತವೂ ಕಟ್ಟಿಕೊಂಡಿದೆ, ಆ ಗಂಟು ಹುಟ್ಟಿದ ಮೇಲೂ ಉಳಿದಿದೆ.

ಸ್ಟೀವನ್ ಯಂಗನ್‌ಟೋಬ್ ಅವರ ತಂಡ ಇನ್ನೊಂದು ಕಡೆಯಿಂದ ಬಂದಿತು. ಗರ್ಭದಲ್ಲಿ ಮದ್ಯಸಾರ ಉಂಡ ಮರಿಗಳಿಗೆ ಅದರ ಕಹಿ ಮತ್ತು ವಾಸನೆ ಅಷ್ಟು ಕೆಟ್ಟದಾಗಿ ತೋರುವುದಿಲ್ಲ ಎಂದು 2009ರಲ್ಲಿ ಪ್ರಕಟಿಸಿತು. ಅದೇ ತಂಡದ ಕೆಲಸದಲ್ಲಿ ನೆಮ್ಮದಿಯ ಮಾತೂ ಒಂದಿದೆ. ಹುಟ್ಟಿದ 15ನೇ ದಿನ ಎದ್ದು ಕಾಣುತ್ತಿದ್ದ ಹೆಚ್ಚಿನ ಕುಡಿತ, ನಡುವೆ ಮತ್ತೆ ಮದ್ಯಸಾರ ಸಿಗದಿದ್ದರೆ, 90ನೇ ದಿನಕ್ಕೆ ಮಾಸಿತ್ತು. ಮಾಸುವುದಕ್ಕೆ ಬಿಟ್ಟರೆ ಮಾಸುತ್ತದೆ. ನಡುವೆ ಹದಿಹರೆಯದಲ್ಲಿ ಇನ್ನೊಮ್ಮೆ ಅದೇ ವಾಸನೆ ಎದುರಾದರೆ ಏನಾಗುತ್ತದೆ ಎಂಬುದೇ ಚಿಂತೆಯ ವಿಷಯ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಕಡೆಯ ಬಾಣಂತಿ ಕೋಣೆ. ಮಲೆನಾಡಿನ ಮಳೆಗಾಲ, ಆಗುಂಬೆ ಹೊಸನಗರದ ಕಡೆಯ ಎಡೆಬಿಡದ ಮಳೆ, ಒಣಗದ ಬಟ್ಟೆ, ಬಾಣಂತಿಗೆ ಶೀತವಾದೀತೆಂಬ ಭಯ. ಹಲವು ಮನೆಗಳ ಕಪಾಟಿನಲ್ಲಿ ಒಂದು ಬ್ರಾಂಡಿ ಬಾಟಲಿ ಇದಕ್ಕೆಂದೇ ಇರುತ್ತಿತ್ತು. ಬಾಣಂತಿಗೆ ರಾತ್ರಿ ಒಂದೆರಡು ಚಮಚ. ಕೆಮ್ಮುವ ಕೂಸಿಗೂ ಬೆರಳಿನಲ್ಲಿ ಅದ್ದಿ ನೆಕ್ಕಿಸುವವರಿದ್ದರು. ಕೊಡುತ್ತಿದ್ದವರು ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದ ಅಜ್ಜಿಯರು. ಅವರ ಮಟ್ಟಿಗೆ ಅದು ಔಷಧ, ಬಾಟಲಿ ಅಂಗಡಿಯಿಂದ ಬಂದಿತ್ತು ಅಷ್ಟೇ. ಅವರ ಅಕ್ಕರೆಯನ್ನು ನಾನು ಒಂದಿಷ್ಟೂ ಅನುಮಾನಿಸುವುದಿಲ್ಲ. ಆದರೆ ತಾಯಿಯ ರಕ್ತದಲ್ಲಿ ಎಷ್ಟು ಮದ್ಯಸಾರವಿದೆಯೋ ಸುಮಾರು ಅಷ್ಟೇ ಪ್ರಮಾಣ ಎದೆಹಾಲಿನಲ್ಲೂ ಇರುತ್ತದೆ, ಇಲಿಯಲ್ಲೂ ಮನುಷ್ಯರಲ್ಲೂ. 1991ರಲ್ಲಿ ಅಮೆರಿಕದ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಶಾಂ ಹಾಲೂಡಿಸುವ ತಾಯಂದಿರನ್ನೇ ಪರೀಕ್ಷಿಸಿದಾಗ, ಸ್ವಲ್ಪ ಮದ್ಯ ಕುಡಿದ ಮೇಲೆ ಹಾಲಿನ ವಾಸನೆ ಬದಲಾಯಿತು, ಕೂಸುಗಳು ಹೆಚ್ಚು ಚೀಪಿದರೂ ಕುಡಿದ ಹಾಲು ಮಾತ್ರ ಕಡಿಮೆ. ಮೈ ಬೆಚ್ಚಗಾಗಿ ಹಾಲು ಇಳಿಯುತ್ತದೆ ಎಂಬ ನಂಬಿಕೆಗೆ ಇದು ನೇರ ಎದುರು. ಗರ್ಭಿಣಿಯ ವಿಷಯದಲ್ಲಂತೂ ಇಷ್ಟು ಕುಡಿದರೆ ತೊಂದರೆಯಿಲ್ಲ ಎಂದು ಹೇಳಬಲ್ಲ ಪ್ರಮಾಣವೇ ಇಲ್ಲ. ಗರ್ಭದಲ್ಲಿ ಮದ್ಯಕ್ಕೆ ಸಿಕ್ಕ ಮಕ್ಕಳ ಮುಖಚಹರೆ, ಬೆಳವಣಿಗೆ, ಬುದ್ಧಿಶಕ್ತಿ ಕುಂಠಿತವಾಗುವುದಕ್ಕೆ ವೈದ್ಯರು 1973ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ.

ಬಾಣಂತಿಗೆ ಕೊಡುವ ದಶಮೂಲಾರಿಷ್ಟದಂಥ ಅರಿಷ್ಟಗಳಲ್ಲೂ ಹುದುಗುವಾಗ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ, ಇಂಗ್ಲೆಂಡಿನಲ್ಲಿ ಹುಟ್ಟಿದ ಗ್ರೈಪ್ ವಾಟರ್‌ನಲ್ಲೂ ದಶಕಗಳ ಕಾಲ ಇತ್ತು. ವೈದ್ಯರು ಅಳತೆ ಹೇಳಿ ಕೊಟ್ಟ ಅರಿಷ್ಟವನ್ನೂ ಕಪಾಟಿನ ಬ್ರಾಂಡಿಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆದರೂ ಕೇಳಿ ಕೊಡುವುದು ಒಳ್ಳೆಯದು.

ಈಗ ಉಸಿರಿನ ಮಾತು. ಇಲಿಪಾಷಾಣ ಇಟ್ಟು ಸೋತ ಪ್ರತಿಯೊಬ್ಬ ಮಲೆನಾಡಿಗನಿಗೂ ಗೊತ್ತಿದೆ, ಒಮ್ಮೆ ತಿಂದು ಬದುಕಿದ ಇಲಿ ಮತ್ತೆ ಆ ತಿಂಡಿಯ ಹತ್ತಿರ ಸುಳಿಯುವುದಿಲ್ಲ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ನುಂಗುವ ಮೊದಲೇ ಎಚ್ಚರಿಕೆಯಿಂದಿರಬೇಕು. ಹೊಸ ತಿಂಡಿಯನ್ನು ಚೂರೇ ಚೂರು ಕಚ್ಚಿ ನೋಡುತ್ತದೆ, ಹೊಟ್ಟೆ ಕೆಟ್ಟರೆ ಆ ರುಚಿಯನ್ನು ಮರೆಯುವುದಿಲ್ಲ. 1955ರಲ್ಲಿ ಜಾನ್ ಗಾರ್ಸಿಯಾ ಇದನ್ನು ಪ್ರಯೋಗದಲ್ಲಿ ತೋರಿಸಿಕೊಟ್ಟರು. ಇಷ್ಟು ಅನುಮಾನದ ಪ್ರಾಣಿ ಹೊಸದನ್ನು ತಿನ್ನಲು ಕಲಿಯುವುದಾದರೂ ಹೇಗೆ? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬೆನೆಟ್ ಗೇಲೆಫ್ ಇದಕ್ಕೆ ಉತ್ತರ ಕಂಡುಹಿಡಿದರು. ಒಂದು ಇಲಿಗೆ ಕೋಕೋ ಅಥವಾ ದಾಲ್ಚಿನ್ನಿ ಬೆರೆಸಿದ ಆಹಾರ ತಿನ್ನಿಸಿ ಅದನ್ನು ಇನ್ನೊಂದರ ಜೊತೆ ಬಿಟ್ಟರು. ಎರಡೂ ಮೂತಿಗೆ ಮೂತಿ ತಾಗಿಸಿ ಮೂಸಿದವು. ಆಮೇಲೆ ಎರಡು ಬಗೆಯ ಆಹಾರ ಇಟ್ಟಾಗ, ಎರಡನೆಯ ಇಲಿ ತನ್ನ ಜೊತೆಗಾರನ ಬಾಯಿಯಲ್ಲಿ ಮೂಸಿದ್ದನ್ನೇ ಹೆಚ್ಚು ತಿಂದಿತು. ಇಲಿಯ ಉಸಿರಿನಲ್ಲಿರುವ ಕಾರ್ಬನ್ ಡೈಸಲ್ಫೈಡ್ ಎಂಬ ಅನಿಲದ ಜೊತೆ ಬಂದ ವಾಸನೆ ಮಾತ್ರ ಹೀಗೆ ನಂಬಿಕೆ ಹುಟ್ಟಿಸುತ್ತದೆ. ಅಂದರೆ ತಿಂಡಿಯ ವಾಸನೆ ಸಾಲದು, ಜೀವಂತ ಜೊತೆಗಾರನ ಉಸಿರಿನಲ್ಲಿ ಅದು ಬೆರೆತಿರಬೇಕು.

ಇದೇ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಿಂದ ಇಲಿಯನ್ನು ಕಾಯಿಲೆ ಬೀಳಿಸಿ, ಸಂಕಟಪಡುತ್ತಿರುವಾಗಲೇ ಇನ್ನೊಂದಕ್ಕೆ ಮೂಸಲು ಬಿಟ್ಟಿತು. ಎರಡನೆಯದು ಆಗಲೂ ಅದೇ ಆಹಾರವನ್ನು ಆಯ್ದುಕೊಂಡಿತು. ತನ್ನ ಹೊಟ್ಟೆ ಕೆಟ್ಟರೆ ಜನ್ಮದಲ್ಲಿ ಮುಟ್ಟದ ಇಲಿ, ಎದುರಿಗೇ ನರಳುವ ಸಂಗಾತಿಯಿಂದ ಏನೂ ಕಲಿಯಲಿಲ್ಲ, ವಾಸನೆಯನ್ನು ಮಾತ್ರ ಕಲಿತಿತು. ಮದ್ಯಸಾರದಲ್ಲೂ ಇದೇ ಕಥೆ. ಅಮಲೇರಿದ ಒಡಹುಟ್ಟಿನ ಜೊತೆ ಸ್ವಲ್ಪ ಹೊತ್ತು ಕಳೆದ ಎಳೆಯ ಇಲಿ, ತಾನು ಒಂದು ಹನಿಯೂ ಕುಡಿಯದಿದ್ದರೂ, ಮುಂದೆ ಮದ್ಯಸಾರ ಸಿಕ್ಕಾಗ ಹೆಚ್ಚು ಕುಡಿಯುತ್ತದೆ ಎಂದು ಮೊಲಿನಾ ಅವರ ತಂಡವೂ ಇತರರೂ ತೋರಿಸಿದ್ದಾರೆ.

ಮನುಷ್ಯರ ಮಕ್ಕಳು ಇಷ್ಟು ಸರಳವಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಮೆನೆಲ್ಲಾ 2000ದಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಬಿಯರ್ ಸೇರಿದಂತೆ ಕೆಲವು ವಾಸನೆ ತೋರಿಸಿ, ಇಷ್ಟವೋ ಇಲ್ಲವೋ ಎಂದು ಕೇಳಿದರು. ನೋವು ಮರೆಯಲೆಂದು ಕುಡಿಯುವ ತಂದೆತಾಯಿಯರ ಮಕ್ಕಳು ಬಿಯರ್ ವಾಸನೆಯನ್ನು ಹೆಚ್ಚಾಗಿ ಬೇಡವೆಂದರು. ಆ ಮನೆಯಲ್ಲಿ ಆ ವಾಸನೆಯ ಜೊತೆ ಬಂದದ್ದು ಜಗಳ, ಮೌನ, ಅಳು ಇದ್ದೀತು. ಹಾಗಿದ್ದರೆ ಚಪ್ಪರದ ಕೆಳಗಿನ ನಗುವಿನ ಜೊತೆ, ಹಬ್ಬದ ಮಾಂಸದೂಟದ ಜೊತೆ, ದೀಪಾವಳಿಯ ರಾತ್ರಿಯ ಕುಣಿತದ ಜೊತೆ ಬರುವ ವಾಸನೆ ಯಾವ ಬಗೆಯದು? ನನಗೆ ಹೆದರಿಕೆ ಇರುವುದು ಕುಡಿದು ಬಿದ್ದ ಅಪ್ಪನ ಮನೆಗಿಂತ ಈ ನಗುವಿನ ಮನೆಯ ಬಗ್ಗೆ. ಮೊದಲನೆಯದರ ಕಡೆ ಊರು ಬೆರಳು ತೋರಿಸುತ್ತದೆ, ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯ ಬಾಗಿಲಿಗೆ, ಹದಿಹರೆಯಕ್ಕೆ, ಬರೋಣ. ಆ ವಯಸ್ಸಿನ ಇಲಿ ಯಾಕಷ್ಟು ಕುಡಿಯುತ್ತದೆ ಎಂಬುದಕ್ಕೆ ಲಿಂಡಾ ಸ್ಪಿಯರ್ ಮತ್ತು ಸಂಗಡಿಗರು ಕೊಡುವ ವಿವರಣೆಯನ್ನು ಹೈಸ್ಕೂಲು ಮಕ್ಕಳಿರುವ ಪ್ರತಿ ಮನೆಯಲ್ಲೂ ಹೇಳಬೇಕು. ಕುಡಿತ ಸಾಕು ಎಂದು ಮೈ ಕೊಡುವ ಸೂಚನೆಗಳು ಹಲವು: ತೂಕಡಿಕೆ, ಕಾಲು ತಡವರಿಕೆ, ಹೊಟ್ಟೆ ತೊಳಸುವಿಕೆ, ಮರುದಿನದ ತಲೆಭಾರ ಮತ್ತು ತಳಮಳ. ಹದಿಹರೆಯದ ಇಲಿಯಲ್ಲಿ ಇವೆಲ್ಲ ಮಂದ. ಒಂದೇ ಪ್ರಮಾಣ ಕೊಟ್ಟು ಅಂಗಾತ ಮಲಗಿಸಿದರೆ ದೊಡ್ಡ ಇಲಿ ಬಹಳ ಹೊತ್ತು ಬಿದ್ದಿರುತ್ತದೆ. ಎಳೆಯದು ಬೇಗ ಮಗುಚಿ ಏಳುತ್ತದೆ, ಏಳುವ ಹೊತ್ತಿಗೆ ಅದರ ಮೈಯಲ್ಲಿ ಮದ್ಯಸಾರ ಇನ್ನೂ ಹೆಚ್ಚೇ ಇರುತ್ತದೆ. ಪಾಷಾಣವನ್ನು ಮರೆಯದ ಆ ಜಾಣ ನಾಲಿಗೆಯೂ ಈ ವಯಸ್ಸಿನಲ್ಲಿ ಮೊಂಡು, ಮದ್ಯಸಾರದ ರುಚಿಯ ಬಗ್ಗೆ ಜಿಗುಪ್ಸೆ ಹುಟ್ಟಿಸಲು ದೊಡ್ಡದಕ್ಕೆ ಬೇಕಾದುದಕ್ಕಿಂತ ಹೆಚ್ಚು ಕೊಡಬೇಕು. ಇನ್ನೊಂದು ಕಡೆ, ಸ್ವಲ್ಪವೇ ಕುಡಿದರೂ ಎಳೆಯ ಇಲಿಗಳು ಒಂದರ ಮೇಲೊಂದು ಬಿದ್ದು ಆಡುವುದು ಹೆಚ್ಚಾಗುತ್ತದೆ. ದೊಡ್ಡವುಗಳಲ್ಲಿ ಹೀಗಾಗುವುದಿಲ್ಲ. ಗೆಳೆಯರ ಜೊತೆಗಿನ ಸುಖ ಜಾಸ್ತಿ, ನಿಲ್ಲಿಸುವ ಸೂಚನೆ ಕಡಿಮೆ. ಇಳಿಜಾರಿನಲ್ಲಿ ಬ್ರೇಕ್ ಸಡಿಲವಾದ ಬಂಡಿಯ ಹಾಗೆ.

ಮೈ ತೂರಾಡದಿದ್ದ ಮಾತ್ರಕ್ಕೆ ಮಿದುಳಿಗೆ ಪೆಟ್ಟಾಗಿಲ್ಲವೆಂದಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಸ್ಕಾಟ್ ಸ್ವಾರ್ಟ್ಸ್‌ವೆಲ್ಡರ್ ಮತ್ತು ಸಂಗಡಿಗರು ನೀರಿನ ತೊಟ್ಟಿಯಲ್ಲಿ ಮುಳುಗಿದ ಮೆಟ್ಟಿಲನ್ನು ಹುಡುಕುವ ಪರೀಕ್ಷೆ ಇಟ್ಟಾಗ, ಮದ್ಯಸಾರದಿಂದ ಕಲಿಕೆ ಕೆಟ್ಟದ್ದು ದೊಡ್ಡವಕ್ಕಿಂತ ಎಳೆಯ ಇಲಿಗಳಲ್ಲೇ ಹೆಚ್ಚು. ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗದ ನರಕೋಶಗಳೂ ಅದೇ ಸಾಕ್ಷಿ ಹೇಳಿದವು. "ನಮ್ಮ ಹುಡುಗ ಗಟ್ಟಿ, ಎಷ್ಟು ಕುಡಿದರೂ ಅಲುಗಾಡುವುದಿಲ್ಲ" ಎಂದು ಮದುವೆ ಮನೆಯ ಹಿಂದೆ ಹೆಮ್ಮೆಪಡುವವರನ್ನು ನಾನು ಕಂಡಿದ್ದೇನೆ. ಆ ಗಟ್ಟಿತನ ಇಲಿಗಳಲ್ಲಿ ಕಂಡದ್ದೇ ಆಗಿದ್ದರೆ, ಅದು ನಿಲ್ಲಿಸುವ ಗಂಟೆ ಬಾರಿಸದಿರುವ ವಯಸ್ಸು ಮಾತ್ರ. ಹೆಮ್ಮೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಹದಿಹರೆಯದಲ್ಲಿ ಕುಡಿದ ಇಲಿ ದೊಡ್ಡದಾದ ಮೇಲೂ ಹೆಚ್ಚು ಕುಡಿಯುತ್ತದೆಯೇ? ಇಲ್ಲಿ ಅವಸರದ ತೀರ್ಪು ಬೇಡ. ಹೌದೆನ್ನುವ ಪ್ರಯೋಗಗಳಿವೆ, ವ್ಯತ್ಯಾಸ ಕಾಣದವೂ ಇವೆ. ಬಾಯಿಂದ ತಾನೇ ಕುಡಿಯಿತೋ, ಆವಿಯಾಗಿ ಮೂಗಿಗೆ ಬಿಟ್ಟರೋ, ಹದಿಹರೆಯದ ಆರಂಭದಲ್ಲೋ ಕೊನೆಯಲ್ಲೋ, ಗಂಡೋ ಹೆಣ್ಣೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅತಿ ಗಟ್ಟಿಯಾಗಿ ಹೌದೆಂದದ್ದರಲ್ಲಿ ಷಿಕಾಗೋದ ಸುಭಾಷ್ ಪಾಂಡೆ ಅವರ ಕೆಲಸ ಒಂದು. ಹದಿಹರೆಯದಲ್ಲಿ ಬಿಟ್ಟು ಬಿಟ್ಟು ಹೆಚ್ಚು ಮದ್ಯಸಾರ ಪಡೆದ ಇಲಿಗಳು ಬೆಳೆದ ಮೇಲೆ ಹೆಚ್ಚು ಅಂಜುಬುರುಕವಾದವು, ಹೆಚ್ಚು ಕುಡಿದವು. ಅವುಗಳ ಮಿದುಳಿನಲ್ಲಿ ಅಂಜಿಕೆಗೆ ಸಂಬಂಧಿಸಿದ ಅಮಿಗ್ಡಲಾ ಭಾಗದಲ್ಲಿ ಡಿಎನ್ಎ ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲಿನ ರಾಸಾಯನಿಕ ಗುರುತುಗಳು ಬದಲಾಗಿದ್ದವು, ಆ ಗುರುತುಗಳನ್ನು ಸರಿಪಡಿಸುವ ಔಷಧ ಕೊಟ್ಟಾಗ ಅಂಜಿಕೆಯೂ ಕುಡಿತವೂ ಇಳಿದವು. ಹಾನಿ ಅಳಿಸಲಾಗದ ಬರಹವಲ್ಲ ಎಂಬ ಈ ಕೊನೆಯ ಮಾತು ನನಗೆ ಮುಖ್ಯವಾಗಿ ಕಾಣುತ್ತದೆ.

ಮನುಷ್ಯರ ಲೆಕ್ಕದಲ್ಲಿ ಆಗಾಗ ಉಲ್ಲೇಖವಾಗುವುದು ಅಮೆರಿಕದ 1997ರ ಒಂದು ವಿಶ್ಲೇಷಣೆ. 15 ವರ್ಷಕ್ಕೆ ಮೊದಲು ಕುಡಿಯಲು ಶುರುಮಾಡಿದವರಲ್ಲಿ ಸುಮಾರು ಶೇ 40 ಮಂದಿ ಜೀವನದ ಒಂದಲ್ಲ ಒಂದು ಹಂತದಲ್ಲಿ ಮದ್ಯವ್ಯಸನಿಗಳಾಗಿದ್ದರು, 20 ದಾಟಿದ ಮೇಲೆ ಶುರುಮಾಡಿದವರಲ್ಲಿ ಸುಮಾರು ಶೇ 10. ಬೇಗ ಶುರುಮಾಡಿದ್ದೇ ಕಾರಣವೋ, ಬೇಗ ಶುರುಮಾಡುವಂಥ ಮನೆ, ಬಡತನ, ಸ್ವಭಾವ ಕಾರಣವೋ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಆ ಗಂಟು ಬಿಡಿಸಲೆಂದೇ ಇಲಿಗಳು ಬೇಕಾದವು. ಇಲಿಗಾದರೋ ಬಡತನವಿಲ್ಲ, ಪರೀಕ್ಷೆಯ ಭಯವಿಲ್ಲ, ಅದಕ್ಕೆ ಪ್ರಯೋಗಾಲಯದಲ್ಲಿ ಕೊಡುವ ಪ್ರಮಾಣವೂ ಮುಚ್ಚಳದ ಒಂದು ಚಮಚಕ್ಕೆ ಹೋಲಿಸಿದರೆ ಬಹಳ ದೊಡ್ಡದು. ಬ್ರಾಂಡಿ ನೆಕ್ಕಿಸಿಕೊಂಡ ಕೂಸೆಲ್ಲ ಕುಡುಕನಾಗುತ್ತದೆ ಎಂದು ಯಾರಾದರೂ ಈ ಪ್ರಯೋಗಗಳನ್ನು ತೋರಿಸಿ ಹೇಳಿದರೆ ನಂಬಬೇಡಿ. ಹಾಗೆ ನೆಕ್ಕಿಸಿಕೊಂಡವರಲ್ಲಿ ನಾನೂ ಒಬ್ಬ, ಒಗ್ಗಲಿಲ್ಲ.

ನಮ್ಮ ದೇಶದ ಅಂಕಿಗಳು 2019ರಲ್ಲಿ ಬಂದವು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ 14.6 ಮಂದಿ ಮದ್ಯ ಕುಡಿಯುತ್ತಾರೆ. ಗಂಡಸರಲ್ಲಿ ಶೇ 27.3, ಹೆಂಗಸರಲ್ಲಿ ಶೇ 1.6. 10ರಿಂದ 17 ವರ್ಷದ ಮಕ್ಕಳಲ್ಲಿ ಶೇ 1.3. ಕೊನೆಯದು ಸಣ್ಣದೆಂದು ತೋರಬಹುದು, ಆದರೆ ಅದು ಸುಮಾರು 30 ಲಕ್ಷ ಮಕ್ಕಳು. ಮುಚ್ಚಳದಲ್ಲಿ ಒಮ್ಮೆ ಕುಡಿದ ಹುಡುಗ, ದಿನಾ ಉಸಿರು ಮೂಸುವ ಕೂಸು ಯಾವ ಸಮೀಕ್ಷೆಗೂ ಸಿಗುವುದಿಲ್ಲ.

ಕಾನೂನು ಬಿಗಿಯಾಗಿಯೇ ಇದೆ. ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಚಪ್ಪರದ ಕೆಳಗೆ ಮುಚ್ಚಳ ನೀಡಿದ ಕೈಗೂ ಇದು ಅನ್ವಯಿಸುತ್ತದೆ. ಅವರನ್ನು ಜೈಲಿಗೆ ಕಳಿಸಬೇಕೆಂದು ನಾನು ಹೇಳುತ್ತಿಲ್ಲ, ಆದರೆ ಇಂಥ ಕಲಂ ಇದೆಯೆಂದು ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಹಳ್ಳಿಯ ಗೂಡಂಗಡಿಗಳಿಗೆ ಕದ್ದು ಬರುವ 90 ಮಿಲಿಲೀಟರಿನ ಟೆಟ್ರಾ ಪ್ಯಾಕ್ ಅದರ ಜಾಗ ಹಿಡಿಯಿತು. ಶಾಲೆಯ ಹುಡುಗನ ಕಿಸೆಯಲ್ಲೂ ಹಿಡಿಸುವ ಈ ಪ್ಯಾಕಿನ ವಿರುದ್ಧ ಹಳ್ಳಿಯ ಹೆಂಗಸರು ಅಬಕಾರಿ ಕಚೇರಿಗೆ ಅಲೆಯುತ್ತಲೇ ಇದ್ದಾರೆ. 21ರ ಮಿತಿ ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ, ಎರಡನೆಯ ಬಾಗಿಲಿಗೆ ಅದು ಒಂದು ಅಗುಳಿ. ಮೊದಲನೆಯ ಬಾಗಿಲು ಇರುವುದು ಮನೆಯೊಳಗೆ. ಅಲ್ಲಿಗೆ ತಲುಪಬಲ್ಲವರು ಅಬಕಾರಿ ಪೊಲೀಸರಲ್ಲ, ತಾಯಿ ಕಾರ್ಡ್ ಹಿಡಿದು ಬಸುರಿಯರ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು. ಕಬ್ಬಿಣದ ಮಾತ್ರೆಯ ಬಗ್ಗೆ ಕೇಳುವಾಗಲೇ ಕಪಾಟಿನ ಬ್ರಾಂಡಿಯ ಬಗ್ಗೆಯೂ ಅಜ್ಜಿಯ ಹತ್ತಿರ ಎರಡು ಮಾತು ಆಡುವಂತಾಗಬೇಕು. ಬೆಚ್ಚಗಿಡಲು ಹೊಡಸಲಿನ ಬೆಂಕಿ ಇದೆ, ಕಂಬಳಿ ಇದೆ, ಮೆಣಸಿನ ಕಷಾಯ ಇದೆ.

ಕಳೆದ ಸುಗ್ಗಿಯಲ್ಲಿ ಅದೇ ಮನೆಗೆ ಹೋಗಿದ್ದೆ. ಬಾಟಲಿ ತೆಗೆದವರು ನೀರಿಗೆಂದು ಈ ಸಲ ಹುಡುಗನ ತಮ್ಮನನ್ನು ಕೂಗಿದರು. ನಾನೇ ಎದ್ದು ಹೋಗಿ ತಂಬಿಗೆ ತಂದಿಟ್ಟೆ. ಯಾಕೆಂದು ಕೇಳಿದಾಗ ಮರಿ ಇಲಿಗಳ ಕಥೆಯನ್ನು, ಮೂತಿಗೆ ಮೂತಿ ತಾಗಿಸಿ ಮೂಸುವವರೆಗೆ, ಹೇಳಿದೆ. ಪಾಷಾಣದ ಮಾತಿಗೆ ಎಲ್ಲರೂ ತಲೆಯಾಡಿಸಿದರು. ಹಿಂದಿನ ಸಲ ಮುಚ್ಚಳ ನೀಡಿದ್ದವರು ಮಾತ್ರ ಕೈಯಲ್ಲಿದ್ದ ಅಡಿಕೆಯನ್ನು ಸುಲಿಯದೆ ಹಾಗೆಯೇ ಹಿಡಿದುಕೊಂಡಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಕುಡಿಸದಿದ್ದರೂ, ಬರೀ ಉಸಿರಿನಿಂದಲೂ ಬರುತ್ತದೆ ಎನ್ನುತ್ತೀರಾ?"

"ಇಲಿಗಳಲ್ಲಿ ಹಾಗೆ ಕಂಡಿದ್ದಾರೆ" ಎಂದೆ.

"ನನ್ನ ಸಣ್ಣ ಮಗ ರಾತ್ರಿ ನನ್ನ ಮಗ್ಗುಲಲ್ಲೇ ಮಲಗುವುದು" ಎಂದರು.